ನರ್ಸಮ್ಮನ ಬಾತುಗಳು

ಬಾತುಕೋಳಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸದೆ ಹೇಳಬಲ್ಲೆ. ಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಷ್ಟು ಕೂರಿಸಬೇಕು. ಮೊಟ್ಟೆ ಬರುವ ಜಾಗದ ಸುತ್ತ ಹರಳೆಣ್ಣೆ ಸವರಬೇಕು. ಆಮೇಲೆ ಬುಟ್ಟಿಯೊಳಗೆ ಬಿಟ್ಟು, ಮೇಲೆ ಬಟ್ಟೆ ಮುಚ್ಚಿ, ಸುಮ್ಮನೆ ಕಾಯಬೇಕು. ಒತ್ತಬಾರದು, ಎಳೆಯಬಾರದು. ಇಷ್ಟು ಹೇಳಿದರೆ ಕೇಳಿದವರು ಮೆಚ್ಚಿಕೊಳ್ಳುತ್ತಾರೆ, ನಾನೂ ನಾಚಿಕೆಯಿಲ್ಲದೆ ಮೆಚ್ಚಿಸಿಕೊಳ್ಳುತ್ತೇನೆ. ಇದನ್ನು ಕಲಿಸಿದವರು ಯಾರು, ಕಲಿತ ಮೇಲೆ ನಾನು ಮಾಡಿದ್ದೇನು ಎನ್ನುವುದನ್ನು ಮಾತ್ರ ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿರಲಿಲ್ಲ. ಮೊನ್ನೆ ಪರಿಚಯದವರೊಬ್ಬರು ಸಿಕ್ಕಿ, ಕಲಿಸಿದ ನರ್ಸಮ್ಮ ಮೇಟೂರು ಕಡೆಯ ತಮ್ಮನ ಮನೆಯಲ್ಲಿ ತೀರಿಕೊಂಡರು ಎಂದು ತಿಳಿಸಿದರು. ಯಾರಿಗೆ ಹೇಳಬೇಕಿತ್ತೋ ಅವರೇ ಇಲ್ಲವಾದ ಮೇಲೆ ನನಗೆ ಹೇಳುವ ಧೈರ್ಯ ಬಂದಿದೆ. ನನ್ನ ಧೈರ್ಯದ ಜಾತಿಯೇ ಅಂಥದು.

ಅರವತ್ತರ ದಶಕದ ಕೊನೆಯಲ್ಲಿ ಕಡಯಂಪಟ್ಟಿಯಿಂದ ಎರಡು ಮೈಲಿ ಆಚೆಯ ಒಂದು ಊರಿನ ದನದ ಆಸ್ಪತ್ರೆಗೆ ನಾನು ಕಾಂಪೌಂಡರ್ ಆಗಿ ಬಂದೆ. ನಮ್ಮದು ಧರ್ಮಪುರಿ ಕಡೆಯ ಕುರಿ ಸಾಕುವ ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಅಕ್ಷರ ಕಲಿತದ್ದು ಎಷ್ಟೋ ವರ್ಷದ ಮೇಲೆ, ಹೊಸೂರಿಗೆ ವರ್ಗವಾದಾಗ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಡಾಕ್ಟರೂ ನಾನೇ, ಕಸ ಗುಡಿಸುವವನೂ ನಾನೇ. ಬಂದ ಮೊದಲನೆಯ ವಾರ ಒಂದು ಹೋರಿಗೆ ಔಷಧ ಕುಡಿಸಲು ಹೋಗಿ ಒದೆಸಿಕೊಂಡು, ಅದರ ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬಯ್ಯುತ್ತಿದ್ದೆ. ಹಿಂದಿನ ಗೋಡೆಯ ಮೇಲಿಂದ ಒಂದು ತಲೆ ಕಾಣಿಸಿತು. ನರೆತ ಕೂದಲು, ದಪ್ಪ ಗಾಜಿನ ಕನ್ನಡಕ.

"ಯಾವೂರ್ಲಾ ನಿಂದು? ದನಕ್ಕೆ ಕನ್ನಡದಾಗೆ ಬಯ್ತಾ ಇದ್ದೀಯಾ. ಅದು ಓಮಲೂರು ಸಂತೆದು, ಅದುಕ್ಕೆ ತಮಿಳೇ ಬರೋದು."

ಅವರು ಸರ್ಕಾರದ ಮಿಡ್‌ವೈಫ್. ಸುತ್ತಿನ ಹತ್ತು ಹಳ್ಳಿಗಳ ಹೆರಿಗೆ ಅವರ ಕೈಯಲ್ಲಿತ್ತು. ಮನೆಮಾತು ನಮ್ಮ ಹಾಗೆ ಕನ್ನಡ. ಊರೆಲ್ಲ ನರ್ಸಮ್ಮ ಎನ್ನುತ್ತಿತ್ತು. ನಾನು ಅಕ್ಕ ಎಂದೆ. ವಯಸ್ಸಿನಲ್ಲಿ ಅವರು ನನ್ನ ತಾಯಿಯಷ್ಟಿದ್ದರೂ ಅಕ್ಕ ಎನ್ನಿಸಿಕೊಳ್ಳುವುದೇ ಅವರಿಗೆ ಇಷ್ಟವಿತ್ತು. ಗಂಡ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದನಂತೆ. ಅದರ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರ ನಡಿಗೆ ನಿಧಾನ, ಮಾತು ನಿಧಾನ, ಊಟ ಅದಕ್ಕಿಂತ ನಿಧಾನ. ಹೆರಿಗೆಗೆ ಕರೆಯಲು ಓಡಿಬಂದವನು ಬಾಗಿಲಲ್ಲಿ ಕುಣಿಯುತ್ತಿದ್ದರೂ ಅವರು ಚೀಲದೊಳಗಿನ ಕತ್ತರಿ, ದಾರ, ಸೋಪು, ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿಯೇ ಹೊರಡುತ್ತಿದ್ದರು. "ಅದುಕ್ಕೆ ದಾರಿ ಗೊತ್ತೈತೆ ಕಣಪ್ಪಾ, ನೀನು ಗಾಬರಿ ಬೀಳಬ್ಯಾಡ" ಎಂದು ಗಂಡಂದಿರಿಗೆ ಹೇಳುತ್ತಿದ್ದರು. ಕಾಯುವುದೇ ಅವರ ವಿದ್ಯೆ. ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, ಆ ಹೆಂಗಸಿನ ತವರಿನ ಸುದ್ದಿ ಕೇಳುತ್ತ ಕಾಯುತ್ತಿದ್ದರು. ಕೈ ಹಾಕಬೇಕಾದಾಗ ಮಾತ್ರ ಹಾಕುತ್ತಿದ್ದರು. ಅವರ ಕೈಯಲ್ಲಿ ಕೆಟ್ಟದ್ದಾಯಿತು ಎಂಬ ಮಾತನ್ನು ನಾನು ಆ ಊರಿನಲ್ಲಿ ಕೇಳಲಿಲ್ಲ.

ಆಸ್ಪತ್ರೆಯ ಹಿಂದಿನ ಗೋಡೆಗೆ ಅಂಟಿದ್ದ ಅವರ ಮನೆಯ ಹಿತ್ತಲಲ್ಲಿ ಬಾತುಗಳಿದ್ದವು. ಆ ಒಣ ಸೀಮೆಯಲ್ಲಿ ಬಾತು ಸಾಕುವುದೆಂದರೆ ಜನಕ್ಕೆ ನಗು. ಭತ್ತದ ಕೊಯ್ಲು ಮುಗಿದ ಮೇಲೆ ಕೆಳಗಿನ ಸೀಮೆಯಿಂದ ಬಾತು ಮೇಯಿಸುವವರು ನೂರಾರು ಬಾತುಗಳನ್ನು ಹೊಡೆದುಕೊಂಡು ಕೆರೆ ಬಯಲುಗಳಿಗೆ ಬರುತ್ತಿದ್ದರು. ನಡೆಯಲಾರದ ಮರಿ ಸಿಕ್ಕಿದರೆ ದಾರಿಯಲ್ಲೇ ಯಾರಿಗಾದರೂ ಕೊಟ್ಟು ಹೋಗುತ್ತಿದ್ದರು. ಒಮ್ಮೆ ಅಕ್ಕ ತಾರಮಂಗಲಂ ಗುಡಿಗೆ ಹೋಗಿ ಬರುವಾಗ ಅಂಥವನೊಬ್ಬ ಕುಂಟು ಮರಿಯೊಂದನ್ನು ಅವರ ಮಡಿಲಿಗೆ ಹಾಕಿ, "ಇದು ಪೊಳಕ್ಕಾದು ಅಮ್ಮಾ, ನೀಂಗಳೇ ವೆಚ್ಚುಕ್ಕೋಂಗ" ಎಂದನಂತೆ. ಇದು ಉಳಿಯುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು. ಉಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ಅಕ್ಕನಿಗೆ ಹಟ. ಆ ಮರಿ ಉಳಿಯಿತು, ಬೆಳೆಯಿತು, ಕುಂಟುತ್ತಲೇ ಹಿತ್ತಲಿನ ಯಜಮಾನಿಯಾಯಿತು. ಅದರ ಹೆಸರು ತಾರಮಂಗಲ. ಹೀಗೆ ಎಲ್ಲಿ ಸಿಕ್ಕಿತೋ ಆ ಊರಿನ ಹೆಸರನ್ನೇ ಇಡುವುದು ಅವರ ಪದ್ಧತಿ. ತೊಪ್ಪೂರು ಎಂಬ ಬಾತು ಆ ಊರಿನ ಘಾಟಿಯ ಕೆಳಗೆ ಲಾರಿಯವರು ಕೊಟ್ಟದ್ದು. "ತೊಪ್ಪೂರು ಬೆಳಗ್ಗಿಂದ ಮೇವು ಮುಟ್ಟಿಲ್ಲ", "ತಾರಮಂಗಲಕ್ಕೆ ಕೊಬ್ಬು ಜಾಸ್ತಿ ಆಗೈತೆ" ಎಂದು ಅವರು ಗೋಡೆಯಾಚೆಯಿಂದ ಹೇಳುವಾಗ ಹೊಸಬರು ಕೇಳಿದರೆ ಜಿಲ್ಲೆಯ ಬರಗಾಲದ ವರದಿ ಓದುತ್ತಿದ್ದಾರೆ ಎಂದುಕೊಳ್ಳಬೇಕು.

ಮೊಟ್ಟೆಗಾಗಿ ಸಾಕಿದ್ದಲ್ಲ, ಮಾಂಸಕ್ಕಂತೂ ಅಲ್ಲ. ಮೊಟ್ಟೆಗಳು ಬಾಣಂತಿಯರ ಮನೆಗೆ ಹೋಗುತ್ತಿದ್ದವು. ಬಾತಿನ ಮೊಟ್ಟೆ ಮೂಲವ್ಯಾಧಿಗೆ ಒಳ್ಳೆಯದು ಎಂದು ನಂಬಿದ್ದ ಹೆಡ್ಮಾಸ್ಟರೊಬ್ಬರು ಬೇಲಿ ಕಡೆಯಿಂದ ಬಂದು, ಯಾವುದೋ ನೆಂಟರಿಗೆ ಎಂದು ಹೇಳಿ ಎರಡು ತೆಗೆದುಕೊಂಡು ಹೋಗುತ್ತಿದ್ದರು. "ನಿಮ್ಮ ನೆಂಟ್ರು ಈಗ ಕುಂತ್ಕೊಳ್ಳಂಗೆ ಆದ್ರಾ ಸಾರ್?" ಎಂದು ಅಕ್ಕ ಗಂಭೀರವಾಗಿ ವಿಚಾರಿಸುತ್ತಿದ್ದರು.

ಬಾತುಗಳ ಹೆಣ್ಣು ಕಾಯಿಲೆಗಳನ್ನು ಅವರು ಹೆಂಗಸರ ಕಾಯಿಲೆಗಳಷ್ಟೇ ಶ್ರದ್ಧೆಯಿಂದ ನೋಡುತ್ತಿದ್ದರು. ಒಂದು ವರ್ಷ ಮೂರು ಬಾತುಗಳು ಚಿಪ್ಪಿಲ್ಲದ ಮೊಟ್ಟೆ ಇಡತೊಡಗಿದವು, ಬರೀ ಪೊರೆಯದು, ಕೈಯಲ್ಲಿ ಹಿಡಿದರೆ ಜೋಲುವಂಥವು. ನಾನು ಡಾಕ್ಟರಿಗೆ ಹೇಳಿದೆ. ಅವರು, ಬಾತಿಗೆಲ್ಲ ಸರ್ಕಾರ ಔಷಧ ಕೊಟ್ಟಿಲ್ಲ ಎಂದು ನಕ್ಕರು. ಅಕ್ಕ ಕೆರೆಯಂಗಳಕ್ಕೆ ಹೋಗಿ ಸೆರಗಿನ ತುಂಬ ಬಸವನಹುಳುವಿನ ಚಿಪ್ಪು ಆರಿಸಿ ತಂದರು. ಸುಟ್ಟು, ಕುಟ್ಟಿ, ರಾಗಿ ತೌಡಿನ ಜೊತೆ ಕಲಸಿ ದಿನಾ ಇಟ್ಟರು. ಸ್ವಲ್ಪ ದಿನದಲ್ಲಿ ಮೊಟ್ಟೆಗೆ ಚಿಪ್ಪು ಬಂತು. ಡಾಕ್ಟರು ಆ ಸಲ ನಗಲಿಲ್ಲ. ತಮ್ಮ ಮನೆಯ ಕೋಳಿಗೆಂದು ಒಂದು ಡಬ್ಬಿ ಪುಡಿ ಕೇಳಿ ತೆಗೆದುಕೊಂಡು ಹೋದರು.

ಇನ್ನೊಮ್ಮೆ ಹೆಣ್ಣುಬಾತುಗಳ ಕತ್ತಿನ ಗರಿಯೆಲ್ಲ ಕಿತ್ತು ಹೋಗಿ ರಕ್ತ ಒಸರುತ್ತಿತ್ತು. ನಾನು ತುರಿ ಎಂದೆ, ಮುಲಾಮು ತರುತ್ತೇನೆ ಎಂದೆ. ಅಕ್ಕ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅರ್ಧ ಗಂಟೆ ಬಾತುಗಳನ್ನು ನೋಡು ಎಂದರು. ನೋಡಿದೆ. ನಾಲ್ಕು ಹೆಣ್ಣಿಗೆ ಐದು ಗಂಡು. ಒಂದು ಇಳಿದರೆ ಇನ್ನೊಂದು ಹತ್ತುತ್ತಿತ್ತು, ಕತ್ತು ಕಚ್ಚಿ ಹಿಡಿದು. "ನಿನ್ನ ಮುಲಾಮು ಏನ್ ಮಾಡ್ತೈತ್ಲಾ ಇದುಕ್ಕೆ? ಈಟು ಗಂಡುಗಳ ನಡುವೆ ಎಣ್ಣು ಬದುಕಾದು ಎಂಗೆ?" ಎಂದು ನಾಲ್ಕು ಗಂಡುಗಳನ್ನು ಆ ವರ್ಷ ಬಂದ ಬಾತು ಮೇಯಿಸುವವರಿಗೆ ಕೊಟ್ಟುಬಿಟ್ಟರು. ಸತತವಾಗಿ ಮೊಟ್ಟೆ ಇಟ್ಟು ಸೊರಗಿದ ಬಾತನ್ನು ಬೆಳಕಿಲ್ಲದ ಸೌದೆ ಕೋಣೆಯಲ್ಲಿ ಕೆಲವು ವಾರ ಇಡುತ್ತಿದ್ದರು. ಬೆಳಕು ಕಡಿಮೆಯಾದರೆ ಮೊಟ್ಟೆ ನಿಲ್ಲುತ್ತದೆ, ಮೈ ಸುಧಾರಿಸುತ್ತದೆ. "ಇದು ರಜದ ಮೇಲೈತೆ" ಎಂದು ಬಾಗಿಲು ಎಳೆದುಕೊಳ್ಳುತ್ತಿದ್ದರು. ಬಾತು ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯುತ್ತಿದ್ದರು. ನಾವೆಲ್ಲ ಮುಟ್ಟಿದ ಮೇಲೆ ತೊಳೆಯುವವರು.

ಮೊಟ್ಟೆ ಸಿಕ್ಕಿಕೊಂಡದ್ದನ್ನು ನಾನು ಮೊದಲು ನೋಡಿದ್ದೂ ಅವರಲ್ಲೇ. ಬಾತು ಬಾಲ ಎತ್ತಿ ಎತ್ತಿ ತಿಣುಕುತ್ತದೆ, ಕಾಲು ಅಗಲಿಸಿ ನಿಲ್ಲುತ್ತದೆ, ಮೇವು ಬಿಡುತ್ತದೆ. ನಾನು ತೋಳು ಮೇಲೇರಿಸಿದೆ. ಕಾರಣ ಇಷ್ಟೆ. ಕುರಿಯವರ ನಡುವೆ ನಮ್ಮದನ್ನು ಕೈ ಹಾಕುವ ಮನೆ ಎನ್ನುತ್ತಿದ್ದರು. ಕುರಿಗೆ ಮರಿ ಅಡ್ಡವಾಗಿ ಸಿಕ್ಕಿಕೊಂಡರೆ ದೂರದ ಹಟ್ಟಿಗಳಿಂದ ಅಪ್ಪನನ್ನು ಕರೆಯಲು ಬರುತ್ತಿದ್ದರು. ಕೈ ಹಾಕಿ ಮರಿ ಎಳೆದವನಿಗೆ ಆ ಕುರಿಯ ಮೊದಲ ಗಿಣ್ಣು, ಎಲ್ಲರೆದುರಿಗೆ ಬಟ್ಟಲಲ್ಲಿ ಹಾಕಿ ಕೊಡುವುದು ಪದ್ಧತಿ. ಆ ಗಿಣ್ಣನ್ನು ನಾನೂ ತಿಂದಿದ್ದೆ. ಕಷ್ಟಕ್ಕೆ ಸಿಕ್ಕಿದ ಪ್ರಾಣಿಯ ಮುಂದೆ ಕೈ ಕಟ್ಟಿ ಕೂರುವುದು ನಮ್ಮಲ್ಲಿ ಕೈಲಾಗದವರ ಲಕ್ಷಣ.

ಅಕ್ಕ ನನ್ನ ಕೈ ತಳ್ಳಿದರು. "ಕುರಿಮರಿಗೆ ಕಾಲೈತೆ, ಇಡ್ಕೊಂಡು ಎಳೀಬೋದು. ಮೊಟ್ಟೆಗೆ ಏನೈತ್ಲಾ ಇಡ್ಕೊಳ್ಳಾಕೆ? ಒಡದೋದ್ರೆ ಚಿಪ್ಪು ಒಳಗೆಲ್ಲಾ ಕುಯ್ದಾಕ್ತದೆ. ಎಳುದ್ರೆ ಕರುಳೇ ಈಚೆಗೆ ಬರ್ತದೆ. ಪೊರುಮೆ ಬೇಕಪ್ಪಾ, ಪೊರುಮೆ." ಪೊರುಮೆ ಎಂದರೆ ತಾಳ್ಮೆ. ಆ ಒಂದು ಪದವನ್ನು ಅವರು ತಮಿಳಿನಲ್ಲೇ ಹೇಳುತ್ತಿದ್ದರು, ಹೆರಿಗೆ ಮನೆಗಳಲ್ಲಿ ಹೇಳಿ ಹೇಳಿ ನಾಲಗೆಗೆ ಅಂಟಿಕೊಂಡದ್ದು. ಬಿಸಿನೀರು, ಎಣ್ಣೆ, ಬುಟ್ಟಿ. ಸಂಜೆಯ ಹೊತ್ತಿಗೆ ಮೊಟ್ಟೆ ಬಂತು. ನಾನು ಕಲಿತೆ. ಕಲಿತೆ ಎಂದೇ ಅಂದುಕೊಂಡೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೆಳಗ್ಗೆ, ತಾರಮಂಗಲಕ್ಕೆ ಹಾಗಾಯಿತು. ಅದೇ ಹೊತ್ತಿಗೆ ತೊಪ್ಪೂರಿನ ಕಡೆಯ ಹಳ್ಳಿಯಿಂದ ಹೆರಿಗೆಗೆ ಕರೆ ಬಂತು. ಅಕ್ಕ ಬುಟ್ಟಿಯನ್ನು ತಾವೇ ಎತ್ತಿಕೊಂಡು ಬಂದು ಆಸ್ಪತ್ರೆಯ ಹಿಂದಿನ ಜಗುಲಿಯಲ್ಲಿಟ್ಟರು.

"ಲೇ ತಮ್ಮಾ, ಗಂಟೆಗೊಂದ್ಸಲ ಬಿಸ್ನೀರಾಗೆ ಕುಂಡ್ರಿಸು. ಎಣ್ಣೆ ಸವರು. ಮಿಕ್ಕಿದ್ದೊತ್ತು ಮುಚ್ಚಿಡು. ಸಾಯಂಕಾಲ್ದೊಳಗೆ ಅದೇ ಬರ್ತದೆ. ಬರ್ಲಿಲ್ಲ ಅಂದ್ರೆ ನಾನು ಬಂದು ನೋಡ್ತೀನಿ. ಕೈ ಮಾತ್ರ ಆಕ್ಬ್ಯಾಡ."

"ಆಯ್ತು ಓಗ್ಬನ್ನಿ ಅಕ್ಕ."

"ಕೈ ಆಕ್ಬ್ಯಾಡ," ಎಂದು ಇನ್ನೊಮ್ಮೆ ಹೇಳಿ, ಬುಟ್ಟಿಯ ಬಟ್ಟೆ ಸರಿಸಿ ಅದರ ಕತ್ತು ಸವರಿ ಹೋದರು. ಹೋಗುವಾಗ ತಿರುಗಿ ನೋಡಿದರು. ಹೆರಿಗೆಗೆ ಹೊರಟಾಗ ಅವರು ಹಿಂದಕ್ಕೆ ತಿರುಗಿ ನೋಡಿದ್ದು ನಾನು ಕಂಡದ್ದು ಅದೊಂದೇ ಸಲ.

ಎರಡು ಸಲ ಹೇಳಿದಂತೆ ಮಾಡಿದೆ. ಮೂರನೆಯ ಸಲ ನೀರಿಟ್ಟುಕೊಂಡು ಕೂತಿದ್ದಾಗ, ಕುರಿಗಳಿಗೆ ಜಂತಿನ ಔಷಧ ಒಯ್ಯಲು ನಮ್ಮ ಕಡೆಯವನೊಬ್ಬ ಬಂದ. ದೂರದ ಸಂಬಂಧದಲ್ಲಿ ಮಾವನಾಗಬೇಕು. ಜಗುಲಿಯ ಮೇಲೆ ಕೂತು ಬೀಡಿ ಹಚ್ಚಿ ನನ್ನನ್ನೂ ಬಾತನ್ನೂ ನೋಡಿದ.

"ಏನಪ್ಪಾ ಅಳಿಯ, ಕೈ ಆಕೋ ಮನೆಯವನು ಬಾತಿಗೆ ಸ್ನಾನ ಮಾಡುಸ್ತಾ ಕುಂತಿದ್ದೀಯಾ?"

"ಮೊಟ್ಟೆ ಸಿಕ್ಕೊಂಡೈತೆ ಮಾವ. ಕಾಯ್ಬೇಕು."

"ಕಾಯ್ಬೇಕಾ? ನಿಮ್ಮಪ್ಪ ಎಂದಾದ್ರೂ ಕಾದಿದ್ನಾ? ಪಾಪ, ಆ ಎಣ್ಣುಜೀವ ತಿಣುಕ್ತಾ ಐತೆ, ಇವನು ನೋಡ್ತಾ ಕುಂತವ್ನೆ. ಸರ್ಕಾರದ ಸಂಬಳ ತಿಂದು ಕೈ ಮೆತ್ತಗಾಗೋಗೈತೆ ಬುಡು."

ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ. ನಾನು ಬೆರಳಿಗೆ ಎಣ್ಣೆ ಹಚ್ಚಿ ಒಳಗೆ ಹಾಕಿದೆ. ಮೊಟ್ಟೆ ತಗುಲಿತು. ತಗುಲಿದ್ದು ಸಿಕ್ಕಿದ ಹಾಗೇ ಎಂದುಕೊಂಡೆ. ಬೆರಳು ಬಗ್ಗಿಸಿ ಎಳೆದೆ. ಒಳಗೆ ಏನೋ ಪುಸಕ್ಕೆಂದು ಕುಸಿಯಿತು. ಹಳದಿ ಬಂತು, ಚಿಪ್ಪಿನ ಚೂರು ಬಂತು, ಅದರ ಹಿಂದೆ ಕೆಂಪಗಿನ ಮಾಂಸ ಈಚೆಗೆ ಬಂತು, ಆಮೇಲೆ ರಕ್ತ ನಿಲ್ಲಲಿಲ್ಲ. ಮಾವ ಬೀಡಿ ಆರಿಸಿ, ಔಷಧದ ಬಾಟ್ಲಿ ಎತ್ತಿಕೊಂಡು, ಎದ್ದು ಹೋದ. ಬಾತು ಕೂಗಲಿಲ್ಲ. ನನ್ನ ಕೈಯಲ್ಲೇ ಕತ್ತು ಬಗ್ಗಿಸಿತು. ಊಟದ ಹೊತ್ತು ಕೂಡ ಆಗಿರಲಿಲ್ಲ.

ಸಂಜೆಯ ಬಸ್ಸಿಗೆ ಅಕ್ಕ ಬರುವಷ್ಟರಲ್ಲಿ ನಾನು ಜಗುಲಿ ತೊಳೆದು, ಬಟ್ಟೆ ಒಗೆದು, ಬಾತನ್ನು ಬೇವಿನ ಮರದ ಕೆಳಗೆ ಆಳವಾಗಿ ಹೂತಿದ್ದೆ. ಅವರು ಬಂದದ್ದೇ ಮನೆಗೂ ಹೋಗದೆ ನೇರ ಜಗುಲಿಗೆ ಬಂದರು. ಬುಟ್ಟಿ ಖಾಲಿಯಿತ್ತು.

"ತಡೀಲಿಲ್ಲ ಅಕ್ಕ," ಎಂದೆ. "ಇರುವೆ ಮುತ್ತಾ ಇದ್ವು. ಊತ್ಬುಟ್ಟೆ."

"ನಾನು ಏಳ್ದಂಗೇ ಮಾಡ್ದಾ?"

"ಅಂಗೇ ಮಾಡ್ದೆ. ನೀರು, ಎಣ್ಣೆ, ಎಲ್ಲಾ."

"ಕೈ ಆಕ್ಲಿಲ್ಲ ತಾನೆ?"

"ಇಲ್ಲ ಅಕ್ಕ."

"ಮೊಟ್ಟೆ?"

"ಒಳಗೇ ಇತ್ತು."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲಿಲ್ಲ. "ಅಂಗಾದ್ರೆ ನನ್ ಅಂದಾಜು ತಪ್ತು," ಎಂದರು. ನನ್ನನ್ನು ಅನುಮಾನಿಸಿದ್ದರೆ, ಒಂದು ಮಾತು ಗದರಿಸಿದ್ದರೆ, ನಾನು ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವರು ಗದರಿಸಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಆ ದಿನ ತೊಪ್ಪೂರಿನ ಕಡೆ ಹೆರಿಗೆ ಸುಸೂತ್ರವಾಗಿ ಆಗಿತ್ತು, ಗಂಡು ಮಗು, ಅವರ ಚೀಲದಲ್ಲಿ ನನಗೆಂದು ತಂದ ವೀಳ್ಯದೆಲೆ ಬಾಳೆಹಣ್ಣು ಇದ್ದವು. ಕೊಟ್ಟು ಹೋದರು. ನಾನು ತೆಗೆದುಕೊಂಡೆ.

ಸುಮಾರು ಒಂದು ವರ್ಷ ಕಳೆದು ತೊಪ್ಪೂರಿಗೆ ಮೊಟ್ಟೆ ಸಿಕ್ಕಿಕೊಂಡಿತು. ಗೋಡೆಯಾಚೆಯಿಂದ ಕೂಗಿದರು. ಹೋಗಿ ನೋಡಿದರೆ, ಬಿಸಿನೀರೂ ಇಲ್ಲ, ಬುಟ್ಟಿಯೂ ಇಲ್ಲ, ಬಾತನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ನಿನ್ ಕುರಿ ಕೈ ಆಕು ಕಣಪ್ಪಾ. ನಂದು ಕಾಯಾದು ಆವತ್ತೇ ಕೈ ಕೊಡ್ತು."

ಇದಕ್ಕಿಂತ ಒಳ್ಳೆಯ ಸಂದರ್ಭ ಯಾರಿಗೂ ಸಿಗುವುದಿಲ್ಲ. ಹೇಳಬೇಕಾದ ಮಾತು ಬಾಯಿಯವರೆಗೆ ಬಂತು. ಬಂದದ್ದು ಇಷ್ಟು: "ಸ್ವಲ್ಪ ಕಾದು ನೋಡಣ ಅಕ್ಕ, ಬಿಸ್ನೀರು ಇಡ್ಲಾ?"

"ಬ್ಯಾಡ. ಒಂದ್ಸಲ ಕಾದು ಕಳ್ಕೊಂಡಿದ್ದು ಸಾಕು."

ನಾನು ಕೂತು ನೋಡಿದೆ. ಮೊಟ್ಟೆಯ ತುದಿ ಆಗಲೇ ಬಿಳಿಯಾಗಿ ಕಾಣುತ್ತಿತ್ತು. ಇನ್ನು ಕಾಲು ಗಂಟೆ ಬಿಟ್ಟಿದ್ದರೆ ತಾನೇ ಬೀಳುತ್ತಿತ್ತು. ಎಣ್ಣೆ ಹಚ್ಚಿ ಅಂಚನ್ನು ಸ್ವಲ್ಪ ಬಿಡಿಸಿದೆನೋ ಇಲ್ಲವೋ, ಮೊಟ್ಟೆ ನನ್ನ ಅಂಗೈಗೆ ಜಾರಿತು. ಇಡಿಯಾದ, ಬೆಚ್ಚಗಿನ ಮೊಟ್ಟೆ. ತೊಪ್ಪೂರು ಮೈ ಒದರಿ ಎದ್ದು ಹೋಯಿತು. ಅಕ್ಕನ ಮುಖ ಅರಳಿತು, ಆಮೇಲೆ ಅರಳಿದ್ದು ಹಾಗೇ ಬಾಡಿತು. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಎಳೆದದ್ದು ಉಳಿಯಿತು, ಕಾದದ್ದು ಸತ್ತಿತು. "ನಿನ್ ಕೈ ಕೈ ಕಣಪ್ಪಾ," ಎಂದರು. ಊರೆಲ್ಲ ಹೇಳಿಕೊಂಡು ಬಂದರು.

ಒಂದು ಬಾತು ಸತ್ತದ್ದಕ್ಕೆ ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದ ಹೆಂಗಸು ಎದೆಗುಂದುತ್ತಾಳೆಯೇ ಎಂದು ನೀವು ಕೇಳಬಹುದು. ನಾನೂ ಹಾಗೆ ಕೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ವಯಸ್ಸಾಗುತ್ತಿತ್ತು, ಕಣ್ಣು ಮಂದವಾಗುತ್ತಿತ್ತು, ಅದೂ ನಿಜ. ಆದರೆ ಅವರು ಹೆರಿಗೆ ಮನೆಗಳಲ್ಲಿ ಚಡಪಡಿಸತೊಡಗಿದ್ದು ಆಮೇಲೆಯೇ. ಮೊದಲು ಸೇಲಂ ಆಸ್ಪತ್ರೆಗೆ ಗಾಡಿ ಕಟ್ಟಿ ಎಂದು ಗಂಡಂದಿರು ಹೇಳುತ್ತಿದ್ದರು, ಅಕ್ಕ ತಡೆಯುತ್ತಿದ್ದರು. ಈಗ ಅಕ್ಕನೇ ಗಾಡಿ ಕಟ್ಟಿ ಎನ್ನತೊಡಗಿದರು. ನೋವು ಶುರುವಾದ ಹೆಂಗಸರು ಅವರ ಪಕ್ಕದಲ್ಲಿ ಮಲಗಿ ಹೆರುವ ಬದಲು ಸೇಲಂ ರಸ್ತೆಯ ಗುಂಡಿಗಳನ್ನು ದಾಟುತ್ತ ನರಳಿದರು.

ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದಿಲ್ಲ, ನರ್ಸಮ್ಮ ಇರುವಾಗ ಯಾಕೆ ಎಂದು ಹಟ ಹಿಡಿದು, ತಾಯಿಯನ್ನೇ ಇಲ್ಲಿಗೆ ಕರೆಸಿಕೊಂಡಿದ್ದಳು. ಬೆಳಗ್ಗೆ ನೋವು ಬಂತು. ಅಕ್ಕ ಬಂದು ಕೈ ತೊಳೆದು ನೋಡಿದರು. ಮಗು ತಲೆ ಕೆಳಗಾಗಿದೆ, ಎಲ್ಲ ಸರಿಯಾಗಿದೆ ಎಂದರು. ಸ್ವಲ್ಪ ಹೊತ್ತು ಕೂತರು, ಎದ್ದರು, ಮತ್ತೆ ಕೂತರು. ಎಲೆ ಅಡಿಕೆಯ ಸಂಚಿ ಬಿಚ್ಚಲೇ ಇಲ್ಲ. ಆಮೇಲೆ ನನ್ನನ್ನು ಹೊರಗೆ ಕರೆದರು.

"ರೋಡಿಗೋಗಿ ಯಾವುದಾದ್ರೂ ಲಾರಿ ನಿಲ್ಸು. ಸೇಲಂಗೋಗನ."

"ಏನಾರಾ ತೊಂದ್ರೆ ಐತಾ ಅಕ್ಕ?"

"ಇಲ್ಲ. ತೊಂದ್ರೆ ಬರೋಗಂಟ ಕಾಯಾಕೆ ನನ್ ಕೈಲಾಗಲ್ಲ. ತಾರಮಂಗಲಕ್ಕೂ ಇಂಗೇ ಏನೂ ಆಗಲ್ಲ ಅಂದ್ಕೊಂಡೇ ಬುಟ್ಟೋಗಿದ್ದೆ."

ಬಾಗಿಲ ಆಚೆ ಹೆಂಡತಿ ನರಳುತ್ತಿದ್ದಳು. ಆಗಲೂ ನಾನು ಹೇಳಲಿಲ್ಲ. ಲಾರಿ ನಿಲ್ಲಿಸಲು ಓಡಿದೆ. ಕಡಲೆಕಾಯಿ ಮೂಟೆ ಹೇರಿದ ಲಾರಿ ಸಿಕ್ಕಿತು. ಓಮಲೂರು ಇನ್ನೂ ದೂರವಿರುವಾಗಲೇ ಮೂಟೆಗಳ ಮೇಲೆ, ಬಿಸಿಲಿನಲ್ಲಿ, ಅವಳ ತಾಯಿಯೂ ಅಕ್ಕನೂ ಸೀರೆ ಅಡ್ಡ ಹಿಡಿದಿರುವಾಗ ನನ್ನ ಮಗಳು ಹುಟ್ಟಿದಳು. ತಾನೇ ಬಂದಳು, ಯಾರೂ ಎಳೆಯಲಿಲ್ಲ. ಹೊಕ್ಕುಳ ಬಳ್ಳಿಗೆ ಕಟ್ಟಿದ ಗಂಟನ್ನು ನಂಬದೆ ಅಕ್ಕ ಅದರ ಮೇಲೆ ಇನ್ನೊಂದು, ಮತ್ತೊಂದು ಗಂಟು ಹಾಕಿದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹೆಂಡತಿ ಮಾತ್ರ ಅವರನ್ನು ಕ್ಷಮಿಸಲಿಲ್ಲ. "ಮನ್ಯಾಗೇ ನನ್ ಪಕ್ಕ ಕುಂತಿದ್ರೆ ಸಾಕಾಗಿತ್ತು. ಲಾರಿ ಡ್ರೈವರ್ ಮುಂದೆ ನನ್ ಮಾನ ತೆಗುದ್ರು. ಆ ಕೈ ಇನ್ನು ಕೆಲ್ಸಕ್ಕೆ ಬರಲ್ಲ" ಎಂದು ಬಂದವರ ಮುಂದೆಲ್ಲ ಆಡಿದಳು. ಅಕ್ಕನ ಜೊತೆ ಮಾತು ಬಿಟ್ಟಳು. ಮಗುವಿಗೆಂದು ಅವರು ಕಳಿಸಿದ ಮೊಟ್ಟೆಗಳನ್ನು ಗೋಡೆಯ ಮೇಲೇ ವಾಪಸು ಇಟ್ಟಳು. ನಾನು ಒಂದು ಮಾತು ಹೇಳಿದ್ದರೆ ಅವಳ ಸಿಟ್ಟು ಸರಿಯಾದ ಕಡೆಗೆ ತಿರುಗುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಮಾತು ಊರಿನಲ್ಲಿ ಹಬ್ಬಿತು. ಅಕ್ಕನನ್ನು ಕರೆಯುವವರು ಕಡಿಮೆಯಾದರು. ಎಪ್ಪತ್ತರ ದಶಕ ಮುಗಿಯುವ ಮೊದಲೇ ಅವರು ನಿವೃತ್ತರಾದರು, ಮೇಟೂರು ಕಡೆಯ ತಮ್ಮನ ಮನೆಗೆ ಹೋಗುವುದೆಂದಾಯಿತು. ಆ ವರ್ಷ ಬಾತು ಮೇಯಿಸುವವರು ಬಂದಾಗ ಇದ್ದ ಬಾತುಗಳನ್ನೆಲ್ಲ ಅವರ ಗುಂಪಿಗೆ ಬಿಟ್ಟರು. ತೊಪ್ಪೂರು ಗುಂಪಿನಲ್ಲಿ ಬೆರೆಯದೆ ಎರಡು ಸಲ ಹಿತ್ತಲಿಗೆ ವಾಪಸು ಬಂತು. ಮೂರನೆಯ ಸಲ ಅಕ್ಕನೇ ಎತ್ತಿಕೊಂಡು ಕೆರೆಯವರೆಗೆ ಹೋಗಿ ಬಿಟ್ಟು ಬಂದರು. ಯಾಕೆ ಅಕ್ಕ, ಒಂದನ್ನಾದರೂ ತಮ್ಮನ ಮನೆಗೆ ಒಯ್ಯಬಾರದೆ ಎಂದು ಕೇಳಿದೆ. "ಬ್ಯಾಡ. ಮೊಟ್ಟೆ ಸಿಕ್ಕೊಂಡ್ರೆ ಏನ್ ಮಾಡ್ಬೇಕು ಅಂತ ಈಗ ನಂಗೇ ಗೊತ್ತಿಲ್ಲ" ಎಂದರು. ಹೇಳುವಾಗ ಅವರ ದನಿಯಲ್ಲಿ ಹುಳಿ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅವರು ಊರು ಬಿಟ್ಟ ದಿನ ಟ್ರಂಕು ಹೊತ್ತು ಬಸ್ಸಿಗೆ ಹತ್ತಿಸಿದವನು ನಾನು. ಹೆಂಡತಿ ಬರಲಿಲ್ಲ. ಅಕ್ಕ ಕಿಟಕಿಯ ಪಕ್ಕ ಕೂತು, ಚೀಲದೊಳಗಿನ ಸಾಮಾನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮಗಳಿಗೆ ಕೊಡು ಎಂದು ಒಂದು ಪೊಟ್ಟಣ ಕೊಟ್ಟರು. ಆಮೇಲೆ ಕಿಟಕಿಯ ಸರಳಿನ ಮೇಲಿದ್ದ ನನ್ನ ಕೈಯನ್ನು ತಮ್ಮ ಕೈಯಿಂದ ಮುಚ್ಚಿದರು.

"ಲೇ ತಮ್ಮಾ, ಒಂದ್ ಮಾತು ಏಳ್ದೆ ಓದ್ರೆ ಮನಸ್ಸಿಗೆ ಸಮಾಧಾನ ಆಗಾಕಿಲ್ಲ. ಆವತ್ತು ನಿಂಗೆ ಕೈ ಆಕ್ಬ್ಯಾಡ ಅಂತ ಎರಡೆರಡು ಸಲ ಏಳಿ ಓದೆ. ನಿನ್ ಕೈ ಕಟ್ಟಾಕ್ದೆ. ನಾನು ಅಂಗೆ ಏಳ್ದೆ ಓಗಿದ್ರೆ ನೀನು ಅದನ್ನ ಉಳಿಸ್ತಿದ್ದೆ. ಕಣ್ಮುಂದೆ ಸಾಯಾದು ನೋಡ್ತಾ ಕೂರಂಗೆ ಮಾಡ್ದೆ ನಿನ್ನ. ಮನಸ್ಸಿನಾಗೆ ಇಟ್ಕೊಬ್ಯಾಡಪ್ಪಾ."

ಬಸ್ಸು ಇನ್ನೂ ನಿಂತಿತ್ತು. ಕಂಡಕ್ಟರು ಕೆಳಗೆ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದ. ಹೊತ್ತು ಸಾಲಲಿಲ್ಲ ಎಂದು ಹೇಳಿಕೊಳ್ಳಲೂ ನನಗೆ ದಾರಿಯಿಲ್ಲ. ಅವರು ಉತ್ತರಕ್ಕೆ ಕಾಯುತ್ತಿದ್ದರು, ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತು.

"ಪರವಾಯಿಲ್ಲ ಬುಡಿ ಅಕ್ಕ," ಎಂದೆ.

ಅವರು ಮಾಡದ ತಪ್ಪಿಗೆ ಕೇಳಿದ ಕ್ಷಮೆಯನ್ನು, ಮಾಡಿದ ನಾನು ಕೊಟ್ಟು ಕಳಿಸಿದೆ.